ಹಲಗೆಯ ಮೇಲಿನ ಕಪ್ಪು

ನಮ್ಮ ಬಾವಲಿ ಕಡೆಯ ಹಳೇ ಮನೆಗಳ ಅಟ್ಟ ಹತ್ತಿದವರಿಗೆ ಇದು ಗೊತ್ತು. ಒಲೆಯ ನೇರಕ್ಕೆ ಇರುವ ಹಲಗೆ ಹೊಗೆ ಕುಡಿದು ಮಿರಿಮಿರಿ ಕಪ್ಪಾಗಿರುತ್ತದೆ, ಆದರೆ ಅಲ್ಲಿ ಬೂಷ್ಟು ಕಾಣುವುದಿಲ್ಲ. ಬೂಷ್ಟು ಹಿಡಿಯುವುದು ಆಚೆ ಕೋಣೆಯ ಹಲಗೆಗೆ. ಹಿರಿಯರು ಬೂಷ್ಟಿನ ಕಲೆ ತೆಗೆಯಲು ಏನು ಮಾಡುತ್ತಿದ್ದರು ಎಂದು ಕೇಳುತ್ತಾ ಹೋದರೆ ಸಿಗುವ ಉತ್ತರ ಇಷ್ಟೇ: ಬೂಷ್ಟು ಬರದ ಹಾಗೆ ಬೆಂಕಿ ಉರಿಸುತ್ತಿದ್ದರು. ಕರ್ಕಾಟಕದ ಮಳೆಯಲ್ಲಿ ಒಲೆ ಆರುತ್ತಲೇ ಇರಲಿಲ್ಲ. ಬಿಸಿ ಮರವನ್ನು ಒಣಗಿಸುತ್ತಿತ್ತು, ಹೊಗೆ ಬೂಷ್ಟನ್ನು ತಡೆಯುತ್ತಿತ್ತು. ಮರದ ತೇವ ನೂರಕ್ಕೆ 20ರ ಒಳಗಿದ್ದರೆ ಬೂಷ್ಟು ಬೆಳೆಯಲಾರದು. ಲೆಕ್ಕ ಗೊತ್ತಿಲ್ಲದಿದ್ದರೂ ಕೆಲಸ ಗೊತ್ತಿತ್ತು. ಗ್ಯಾಸ್ ಬಂತು, ಕಣ್ಣುರಿ ಹೋಯಿತು, ಒಳ್ಳೆಯದೇ ಆಯಿತು. ಅಟ್ಟಕ್ಕೆ ಮಾತ್ರ ಕಾವಲು ತಪ್ಪಿತು.

2018ರ ಆಗಸ್ಟ್‌ನಲ್ಲಿ ವಯನಾಡಿಗೆ ಪ್ರಳಯ ಬಂದಾಗ ನೀರು ನುಗ್ಗದ ಮನೆಗಳಲ್ಲೂ ಹಲಗೆ ಕಪ್ಪಾಯಿತು. ಆಗ ಎಲ್ಲರ ಕೈಯಲ್ಲೂ ಬ್ಲೀಚಿಂಗ್ ಪೌಡರ್. ಈ ಪುಡಿಗೂ ಒಂದು ಚರಿತ್ರೆ ಇದೆ. ಶೀಲೆ ಎಂಬ ಸ್ವೀಡನ್ನಿನ ವಿಜ್ಞಾನಿ 1774ರಲ್ಲಿ ಕ್ಲೋರಿನ್ ಅನಿಲ ತಯಾರಿಸಿದ. ಅದನ್ನು ಸುಣ್ಣಕ್ಕೆ ಹೀರಿಸಿ ಪುಡಿ ಮಾಡುವ ವಿಧಾನಕ್ಕೆ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಪೇಟೆಂಟ್ ಪಡೆದದ್ದು 1799ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ವರ್ಷ. ಅವನಿಗೆ ಬೇಕಿದ್ದದ್ದು ಬಟ್ಟೆ ಬೆಳ್ಳಗಾಗುವುದು. ಬಾವಿಗೆ, ಸಿಮೆಂಟಿನ ನೆಲಕ್ಕೆ ಅದು ಸರಿ. ಮರದ ಮೇಲೆ ಹಾಕಿದರೆ ಮೇಲ್ಮೈ ಬೆಳ್ಳಗಾಗುತ್ತದೆ, ನೀರು ಒಳಕ್ಕೆ ಇಳಿಯುತ್ತದೆ, ಒಳಗಿನ ಎಳೆಗಳು ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತವೆ. ಬೇಗ ಆಗಲಿ ಎಂದು ಅದಕ್ಕೆ ಟಾಯ್ಲೆಟ್ ಆಸಿಡ್ ಬೆರೆಸುವವರಿದ್ದಾರೆ. ಖಂಡಿತ ಬೇಡ. ಹಾಗೆ ಏಳುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರನ್ನು ಕೊಂದದ್ದು ಅದೇ.

ಇನ್ನೊಂದು ಗೊಂದಲ. ಕಪ್ಪೆಲ್ಲ ಬೂಷ್ಟಲ್ಲ. ಮೊಳೆ ಹೊಡೆದ ಜಾಗದಲ್ಲಿ, ಕಬ್ಬಿಣದ ಪೆಟ್ಟಿಗೆ ಇಟ್ಟ ಜಾಗದಲ್ಲಿ ಕಾಣುವುದು ಶಾಯಿ! ನಿಜವಾಗಿಯೂ ಶಾಯಿಯೇ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರು. ಕಾಯಿಯ ಒಗರು, ಅನ್ನಭೇದಿಯ ಕಬ್ಬಿಣ ಸೇರಿ ಕಪ್ಪು. ಮರದಲ್ಲೂ ಒಗರಿದೆ, ಮೊಳೆ ಕಬ್ಬಿಣ, ನೀರು ಎರಡನ್ನೂ ಸೇರಿಸುತ್ತದೆ. ಮೇಷ್ಟ್ರುಗಳು ಹಾಲು ಹಾಕದ ಟೀ ಡಿಕಾಕ್ಷನ್ನಿಗೆ ತುಕ್ಕು ಮೊಳೆ ಹಾಕಿ ಒಂದು ರಾತ್ರಿ ಇಟ್ಟು ಮಕ್ಕಳಿಗೆ ತೋರಿಸಬಹುದು. ಈ ಕಲೆ ಸೋಪಿಗೆ ಹೋಗುವುದಿಲ್ಲ. ಆಕ್ಸಾಲಿಕ್ ಆಮ್ಲಕ್ಕೆ ಹೋಗುತ್ತದೆ. ಬಿಂಬುಳಿಯ, ಮಲಯಾಳದವರ ಇರುಂಬನ್‌ಪುಳಿಯ ಹುಳಿಯಲ್ಲಿ ಇರುವುದೂ ಅದೇ. ಅಂಗಡಿಯ ಹರಳು ಮಾತ್ರ ವಿಷ, ಕೈಗವಸು ಬೇಕು, ಆಮೇಲೆ ಚೆನ್ನಾಗಿ ತೊಳೆದು ಒರೆಸಬೇಕು.

ಬೂಷ್ಟಿಗಾದರೆ ಮೊದಲು ಒಣಗಿಸುವ ಕೆಲಸ. ಹೆಂಚಿನ ಸೋರಿಕೆ ನಿಲ್ಲಿಸಿ, ಕಿಟಕಿ ತೆರೆದು, ಫ್ಯಾನ್ ಹಾಕಿ. ಒಣಬೂಷ್ಟನ್ನು ಪೊರಕೆಯಲ್ಲಿ ಗುಡಿಸಿದರೆ ಮನೆತುಂಬ ಬೀಜ ಹಾರುತ್ತದೆ, ದಮ್ಮು ಇರುವವರಿಗೆ ಕಷ್ಟ. ಮೂಗಿಗೆ ಬಟ್ಟೆ ಕಟ್ಟಿ, ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನಾರಿನ ಗುಂಟ ಬ್ರಷ್ ಆಡಿಸಿ. ಮೇಲೆ ಬೊರಾಕ್ಸ್ ನೀರು ಸವರಿ ಒಣಗಲು ಬಿಡಿ. ಉಳಿದದ್ದಕ್ಕೆ ಸ್ಯಾಂಡ್‌ಪೇಪರ್. ಪೂರ್ತಿ ಒಣಗುವ ಮೊದಲು ಎಣ್ಣೆ, ವಾರ್ನಿಷ್ ಹಚ್ಚಿದರೆ ತೇವ ಒಳಗೇ ಕೂರುತ್ತದೆ.

ಪ್ರಳಯದ ಮಾರನೇ ವರ್ಷ ನಮ್ಮ ನೆಂಟರ ಮನೆಯಲ್ಲಿ ಅಟ್ಟದ ತೇಗದ ಹಲಗೆಯೆಲ್ಲ ಕೆಟ್ಟಿತೆಂದು ಕಿತ್ತು ಮಾರಲು ಹೊರಟಿದ್ದರು. ಕೊಳ್ಳಲು ಬಂದವನೂ ಸೌದೆ ಬೆಲೆ ಹೇಳಿದ. ಒಬ್ಬ ಮುದುಕ ಬಡಗಿ ಬಂದು ಹಲಗೆ ಹಲಗೆಗೂ ಚಾಕುವಿನ ಮೊನೆ ಊರಿ ನೋಡಿದರು. ಮೊನೆ ಮೆತ್ತಗೆ ಇಳಿದರೆ ಕುಂಬು, ಇಳಿಯದಿದ್ದರೆ ಬರೀ ಕಲೆ. ಇಳಿದದ್ದು ಮೂರೇ ಹಲಗೆಗೆ, ಅದೂ ಗೋಡೆಯ ಪಕ್ಕ, ಹೆಂಚು ಸೋರುತ್ತಿದ್ದ ಕಡೆ.