ಕೃಷ್ಣಾ-ಘಟಪ್ರಭೆಯ ಸೀಮೆಯಲ್ಲಿ ತರುಣರ ಸೇವಾವ್ರತ

ಘಟಪ್ರಭೆಯು ಗೋಕಾಕದ ಬಂಡೆಗಳಿಂದ ಧುಮುಕಿ, ಮುಧೋಳ ಸೀಮೆಯ ಕರಿನೆಲವನ್ನು ತೋಯಿಸುತ್ತ ಸಾಗಿ, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಆಲಮಟ್ಟಿಯ ಕಡೆಗೆ ಹೋಗುವಳು. ಈ ನೀರಿನ ಮೇಲಣ ತುದಿಯಲ್ಲಿ, ಘಟಪ್ರಭಾ ಎಂಬ ಊರಿನಲ್ಲಿ, ಡಾ|| ನಾರಾಯಣ ಸುಬ್ಬರಾವ ಹರ್ಡೀಕರರು ೧೯೨೯ರಲ್ಲಿ ಆರೋಗ್ಯಧಾಮವನ್ನು ಸ್ಥಾಪಿಸಿದರು. ಕೆಳಗಣ ತುದಿಯಲ್ಲಿ, ಆಲಮಟ್ಟಿಯ ದಂಡೆಯ ಮೇಲೆ, ಶ್ರೀ ಹರ್ಡೇಕರ ಮಂಜಪ್ಪನವರು ೧೯೨೭ರಲ್ಲಿ ತಮ್ಮ ವಿದ್ಯಾಲಯವನ್ನು ನೆಲೆಗೊಳಿಸಿದ್ದರು. ಹೆಸರುಗಳ ಸಾಮ್ಯದಿಂದ ಈ ಇಬ್ಬರನ್ನು ಒಬ್ಬರೆಂದೇ ತಿಳಿಯುವವರು ಅನೇಕರುಂಟು. ಒಬ್ಬರು ವೈದ್ಯರು, ಇನ್ನೊಬ್ಬರು ಶಾಲಾಮಾಸ್ತರರು. ಒಬ್ಬರು ಅಮೇರಿಕೆಯನ್ನು ಕಂಡವರು, ಇನ್ನೊಬ್ಬರು ಬನವಾಸಿಯ ಬಡ ಮನೆಯಿಂದ ಬಂದವರು. ಆದರೆ ಓದುವ ಹುಡುಗರನ್ನು ಊರಿನ ಕೆಲಸಕ್ಕೆ ಹಚ್ಚುವ ವಿದ್ಯೆಯನ್ನು ಕನ್ನಡ ನಾಡಿಗೆ ಕಲಿಸಿದವರಲ್ಲಿ ಇವರಿಬ್ಬರೂ ಮೊದಲಿಗರು. ಇವರ ನಡುವಣ ಸೀಮೆಯಾದ ತಿಮ್ಮಾಪುರ, ಮುಧೋಳ, ಬೀಳಗಿ, ಜಮಖಂಡಿಗಳ ವಾಚಕರಿಗೆ ಆ ಇತಿಹಾಸವು ದೂರದ್ದಲ್ಲ.

ಇದಕ್ಕೂ ಹಿಂದಿನ ಸಂಗತಿಯೊಂದನ್ನು ಮೊದಲು ಹೇಳಬೇಕು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ೧೯೦೪ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕೂಡಿಸಿ, ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿಯ ವಟುಗಳಿಗೆ ಪಾಠವೆಂದರೆ ಗ್ರಂಥವೊಂದೇ ಆಗಿರಲಿಲ್ಲ. ಗೋಸೇವೆ, ವಿಭೂತಿಯ ತಯಾರಿಕೆ, ಓಲೆಗರಿಗಳ ಸಂರಕ್ಷಣೆ ಇವೆಲ್ಲ ವಿದ್ಯೆಯ ಭಾಗಗಳೇ ಆಗಿದ್ದವು. ೧೯೧೭ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗಾಗಿ ಪ್ರಸಾದನಿಲಯವನ್ನು ತೆರೆದರು. ಮಠದ ಜೋಳಿಗೆಗೆ ಹಳ್ಳಿಯ ಒಕ್ಕಲಿಗನು ಹಾಕಿದ ಜೋಳವೇ ಪೇಟೆಯಲ್ಲಿ ಓದುವ ಹುಡುಗನ ರೊಟ್ಟಿಯಾಯಿತು. ಇಲ್ಲಿಯೇ ಒಂದು ಪ್ರಶ್ನೆ ಹುಟ್ಟಿತು. ಹಳ್ಳಿಯ ಅನ್ನವನ್ನುಂಡು ಓದಿದವನು ಮುಂದೆ ಮಾಮಲೇದಾರನೋ ವಕೀಲನೋ ಆಗಿ ಹಳ್ಳಿಯ ಹಾದಿಯನ್ನೇ ಮರೆತರೆ, ಆ ದಾಸೋಹಕ್ಕೆ ಏನು ಅರ್ಥ? ಇದು ವೇದಿಕೆಯ ಮೇಲೆ ಕೇಳಲು ಸುಲಭವಾದ ಪ್ರಶ್ನೆ. ಉತ್ತರವನ್ನು ನಡೆಯಲ್ಲಿ ತೋರಿಸಿದವರು ವಿರಳ.

ಮಂಜಪ್ಪನವರು ಅಂಥ ವಿರಳರಲ್ಲಿ ಒಬ್ಬರು. ೧೮೮೬ರಲ್ಲಿ ಹುಟ್ಟಿದ ಇವರು ಮುಲ್ಕಿ ಪರೀಕ್ಷೆಯಾದ ಮೇಲೆ ಶಿರಸಿಯಲ್ಲಿ ಶಿಕ್ಷಕರಾಗಿದ್ದರು. ಸ್ವದೇಶಿ ಚಳವಳಿಯ ಕಾಲದಲ್ಲಿ ಸರಕಾರದ ನೌಕರಿಯನ್ನು ಬಿಟ್ಟು, ಅಣ್ಣನಾದ ಮಧುಲಿಂಗಪ್ಪನವರೊಡನೆ ದಾವಣಗೆರೆಗೆ ಬಂದು, ೧೯೦೬ರಲ್ಲಿ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯಿಂದ ಓದು ಬಲ್ಲವನನ್ನು ಮಾತ್ರ ಮುಟ್ಟಬಹುದೆಂಬುದು ಅವರಿಗೆ ಬೇಗನೆ ತಿಳಿಯಿತು. ಅಲ್ಲಿಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ತರುಣರನ್ನು ಕೂಡಿಸಿ ಭಜನೆ, ಪ್ರವಚನಗಳನ್ನು ಆರಂಭಿಸಿದರು. ೧೯೧೩ರಲ್ಲಿ ಆ ಮಠದಲ್ಲಿ ಬಸವಜಯಂತಿಯು ಸಾರ್ವಜನಿಕ ಉತ್ಸವವಾಗಿ ನಡೆಯಿತು. ಇಂದು ಊರೂರಲ್ಲಿ ನಡೆಯುವ ಈ ಉತ್ಸವದ ಬೇರಿನಲ್ಲಿ ತಾಳ ಹಿಡಿದು ಬೀದಿಗಿಳಿದ ಹುಡುಗರಿದ್ದರೆಂಬುದನ್ನು ಮರೆಯಲಾಗದು. ಮಂಜಪ್ಪನವರು ಬ್ರಹ್ಮಚಾರಿಯಾಗಿಯೇ ಉಳಿದು, ಹರಿಹರದ ಬಳಿ ತುಂಗಭದ್ರೆಯ ತೀರದಲ್ಲಿ ಸತ್ಯಾಗ್ರಹಾಶ್ರಮವನ್ನು ನಡೆಸಿ, ಕೊನೆಗೆ ಆಲಮಟ್ಟಿಯನ್ನು ಸೇರಿದರು.

ಇತ್ತ ೧೮೮೯ರಲ್ಲಿ ಧಾರವಾಡದಲ್ಲಿ ಜನಿಸಿದ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯವನ್ನು ಕಲಿತು, ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿ ಲಾಲಾ ಲಜಪತರಾಯರ ಬಲಗೈಯಾಗಿ ದುಡಿದು ೧೯೨೧ರಲ್ಲಿ ಹುಬ್ಬಳ್ಳಿಗೆ ಮರಳಿದರು. ಭಾಷಣಗಾರರಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಹೇಳಿದ ಹೊತ್ತಿಗೆ ಬಂದು, ಹಚ್ಚಿದ ಕೆಲಸವನ್ನು ಮುಗಿಸಿ, ಹೆಸರನ್ನು ಬಯಸದೆ ಮನೆಗೆ ಹೋಗುವ ತರುಣರ ಕೊರತೆಯೇ ದೊಡ್ಡದಾಗಿದ್ದಿತು. ಹರ್ಡೀಕರರು ಹುಬ್ಬಳ್ಳಿಯ ಹುಡುಗರನ್ನು ಕೂಡಿಸಿ ಅವರಿಗೆ ಕವಾಯತು, ಪ್ರಥಮೋಪಚಾರ, ಜನಸಂದಣಿಯ ವ್ಯವಸ್ಥೆಗಳನ್ನು ಕಲಿಸಿದರು.

ಆ ಶಿಕ್ಷಣದ ಪರೀಕ್ಷೆ ೧೯೨೩ರಲ್ಲಿ ನಾಗಪುರದಲ್ಲಿ ಆಯಿತು. ರಾಷ್ಟ್ರಧ್ವಜವನ್ನು ಹಿಡಿದು ಸಿವ್ಹಿಲ್ ಲೈನ್ಸಿನಲ್ಲಿ ಹೋಗಕೂಡದೆಂಬ ಆಜ್ಞೆಯನ್ನು ಮುರಿಯಲು ದೇಶದ ನಾನಾ ಕಡೆಗಳಿಂದ ಸ್ವಯಂಸೇವಕರು ಹೋದರು. ಹರ್ಡೀಕರರೂ ಅವರ ಹುಬ್ಬಳ್ಳಿಯ ತಂಡದವರೂ ತುರಂಗವನ್ನು ಸೇರಿದರು. ಒಳಗಿನ ಕಷ್ಟಕ್ಕೆ ಸೋತು ಕ್ಷಮಾಪತ್ರ ಬರೆದುಕೊಟ್ಟು ಹೊರಬಂದವರು ಬೇರೆ ಬೇರೆ ತಂಡಗಳಲ್ಲಿದ್ದರು, ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಈ ಒಂದು ಸಂಗತಿಯು ನಾಯಕರ ಕಣ್ಣು ತೆರೆಯಿಸಿತು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಹೊತ್ತಿಗೆ 'ಹಿಂದುಸ್ತಾನೀ ಸೇವಾದಳ'ವು ಹುಟ್ಟಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು. ಅಖಿಲ ಭಾರತದ ಸಂಸ್ಥೆಯೊಂದರ ಮೂಲವು ಹುಬ್ಬಳ್ಳಿಯ ಬಯಲಿನಲ್ಲಿದ್ದುದು ಕನ್ನಡಿಗರಿಗೆ ಅಭಿಮಾನದ ವಿಷಯವು.

೧೯೨೪ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕೂಡಿದ ಅಧಿವೇಶನವು ಮಹಾತ್ಮ ಗಾಂಧಿಯವರು ಅಧ್ಯಕ್ಷರಾದ ಏಕೈಕ ಅಧಿವೇಶನ. ಗಂಗಾಧರರಾವ ದೇಶಪಾಂಡೆಯವರ ಮುಂದಾಳುತನದಲ್ಲಿ ವಿಜಯನಗರವೆಂಬ ಹೆಸರಿನ ಡೇರೆಗಳ ಪಟ್ಟಣವೇ ಎದ್ದಿತು. ನೀರಿಗಾಗಿ ಪಂಪಾಸರೋವರವೆಂಬ ಬಾವಿಯನ್ನು ತೋಡಿದರು. ಅದರ ವೈಭವವನ್ನು ಬಣ್ಣಿಸಿದವರು ಅನೇಕರು. ಆದರೆ ಈ ಲೇಖನದ ದೃಷ್ಟಿಗೆ ಅಲ್ಲಿಯ ಮುಖ್ಯ ಘಟನೆಯು ಮಂಟಪದಲ್ಲಿ ನಡೆದುದಲ್ಲ, ಮಂಟಪದ ಹಿಂದೆ ನಡೆದುದು. ಶೌಚಸ್ಥಾನಗಳ ಶುಚಿತ್ವದ ಕೆಲಸವನ್ನು ಸ್ವಯಂಸೇವಕರೇ ವಹಿಸಿಕೊಂಡರು, ಮತ್ತು ಅವರಲ್ಲಿ ಬ್ರಾಹ್ಮಣ ತರುಣರು ಅನೇಕರಿದ್ದರು. ಮನೆಯಲ್ಲಿ ಮಡಿಯ ಪಂಚೆಯನ್ನು ಮುಟ್ಟಗೊಡದ ತಾಯಂದಿರ ಮಕ್ಕಳು ಬೆಳಗಾವಿಯಲ್ಲಿ ಪೊರಕೆಯನ್ನೂ ಬುಟ್ಟಿಯನ್ನೂ ಹಿಡಿದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಸಾರಿದ ಮಾತನ್ನು ಶರಣರ ಹೆಸರು ಹೇಳುವ ಮನೆಗಳೇ ಎಷ್ಟೋ ಮರೆತಿದ್ದ ಕಾಲವದು. ಆ ಮಾತನ್ನು ನೆನಪಿಗೆ ತಂದವರು ಬೇರೆ ಕುಲದ ಹುಡುಗರೆಂಬುದರಲ್ಲಿ ಲಿಂಗವಂತ ಸಮಾಜವು ನಾಚಿಕೊಳ್ಳಬೇಕಾದುದೂ ಉಂಟು, ಸಂತೋಷಪಡಬೇಕಾದುದೂ ಉಂಟು.

ಅಲ್ಲಿ ಸ್ತ್ರೀಯರ ದಳವೂ ಇದ್ದಿತು. ಅದನ್ನು ಕಟ್ಟಿದವರು ಶ್ರೀಮತಿ ಉಮಾಬಾಯಿ ಕುಂದಾಪುರ ಅವರು. ೧೯೨೩ರಲ್ಲಿ ಪತಿಯನ್ನು ಕಳೆದುಕೊಂಡ ಅವರು ಹುಬ್ಬಳ್ಳಿಯಲ್ಲಿ ನೆಲಸಿ, ಭಗಿನೀ ಮಂಡಲವನ್ನೂ ತಿಲಕ ಕನ್ಯಾಶಾಲೆಯನ್ನೂ ನಡೆಸುತ್ತಿದ್ದರು. ಮನೆಯ ಹೊಸ್ತಿಲನ್ನು ದಾಟುವದೇ ದೊಡ್ಡ ಮಾತಾಗಿದ್ದ ದಿನಗಳಲ್ಲಿ ಕನ್ಯೆಯರೂ ವಿಧವೆಯರೂ ಸೇವಿಕೆಯರಾಗಿ ನಿಂತುದು ಅನೇಕ ಹಿರಿಯರಿಗೆ ರುಚಿಸಲಿಲ್ಲ. ಹತ್ತು ವರ್ಷದ ಮೇಲೆ, ೧೯೩೪ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಮಂದಿ ಮಡಿದಾಗ, ಇದೇ ಉಮಾಬಾಯಿಯವರು ಕರ್ನಾಟಕದ ಸೇವಕರ ತಂಡದೊಡನೆ ಹೋಗಿ ಅಲ್ಲಿಯ ನಿರಾಶ್ರಿತರ ಶಿಬಿರದಲ್ಲಿ ದುಡಿದರು.

ಸೇವಾದಳದ ಹಾದಿಯು ಹೂವಿನದಾಗಿರಲಿಲ್ಲ. ಸಮವಸ್ತ್ರ, ಸೀಟಿ, ಕವಾಯತುಗಳನ್ನು ನೋಡಿ ಇದು ಅಹಿಂಸೆಗೆ ಒಪ್ಪುವದೇ ಎಂದು ಕಾಂಗ್ರೆಸ್ಸಿನೊಳಗೇ ಸಂಶಯಪಟ್ಟವರಿದ್ದರು. ಅವರ ಸಂಶಯವು ಪೂರ್ಣ ನಿರಾಧಾರವಾದುದಲ್ಲ. ಲಕ್ಷವಿಡದಿದ್ದರೆ ಶಿಸ್ತು ತಾನೇ ದೇವರಾಗಿ ಕೂಡ್ರುವದುಂಟು. ಆದರೆ ಶಿಸ್ತಿಲ್ಲದ ಕರುಣೆಯು ಜಾತ್ರೆಯ ನೂಕುನುಗ್ಗಲಿನಲ್ಲಿ ಒಂದು ಮಗುವನ್ನೂ ಉಳಿಸಲಾರದೆಂಬುದು ಹರ್ಡೀಕರರ ಅನುಭವವಾಗಿದ್ದಿತು. ೧೯೩೧ರಲ್ಲಿ ದಳವು ಕಾಂಗ್ರೆಸ್ಸಿನ ಅಂಗವೇ ಆಯಿತು. ೧೯೩೨ರಲ್ಲಿ ಸರಕಾರವು ಅದನ್ನು ಕಾಯಿದೆಬಾಹಿರವೆಂದು ಸಾರಿತು.

ಮುಧೋಳ ಸೀಮೆಯ ತರುಣನಿಗೆ ಇನ್ನೊಂದು ತೊಡಕಿದ್ದಿತು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನ. ಜಮಖಂಡಿಯದು ಬೇರೆ ಸಂಸ್ಥಾನ. ರಬಕವಿಯು ಸಾಂಗಲಿಗೆ ಸೇರಿದ್ದಿತು. ಬೀಳಗಿ, ಬಾಗಲಕೋಟೆಗಳು ಇಂಗ್ಲಿಷರ ವಿಜಾಪುರ ಜಿಲ್ಲೆಯವು. ಒಂದು ದಿನದ ನಡಿಗೆಯಲ್ಲಿ ಮೂರು ದೊರೆತನಗಳನ್ನು ದಾಟಬೇಕಾಗುತ್ತಿದ್ದಿತು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾಗುವ ವರೆಗೆ ಈ ಗಡಿಗಳು ಉಳಿದವು. ಇಂಥ ಹರಕು ನಕಾಶೆಯಲ್ಲಿ ಯಾವ ಗಡಿಯನ್ನೂ ಲೆಕ್ಕಿಸದೆ ಊರಿಂದೂರಿಗೆ ಹೋಗಬಲ್ಲುದು ಮಠದ ಜೋಳಿಗೆಯೊಂದೇ ಆಗಿದ್ದಿತು.

ಆಲಮಟ್ಟಿಯಲ್ಲಿ ಕವಾಯತಿನ ಸದ್ದಿರಲಿಲ್ಲ. ಖಾದಿ, ಪ್ರಾರ್ಥನೆ, ಶರೀರಶ್ರಮ, ಮಿತವಾದ ಊಟ ಇವೇ ಅಲ್ಲಿಯ ಶಾಸನ. ಮಂಜಪ್ಪನವರು ಶರಣರ ಕಾಯಕತತ್ವವನ್ನೂ ಗಾಂಧಿಯವರ ಮಾರ್ಗವನ್ನೂ ಒಂದೇ ದಾರಿಯೆಂದು ತಿಳಿದು ನಡೆದರು. ಜನರು ಅವರನ್ನು ಕರ್ನಾಟಕದ ಗಾಂಧಿಯೆಂದು ಕರೆದರು. ಸ್ವರಾಜ್ಯಕ್ಕೆ ಏಳು ತಿಂಗಳು ಉಳಿದಿರುವಾಗ, ೧೯೪೭ರ ಜನವರಿಯಲ್ಲಿ, ಅವರು ಲಿಂಗೈಕ್ಯರಾದರು. ಹರ್ಡೀಕರರು ದೀರ್ಘಾಯುಷಿಗಳಾಗಿ ೧೯೭೫ರ ವರೆಗೆ ಬಾಳಿದರು. ಇಬ್ಬರಲ್ಲಿ ಯಾರ ದಾರಿಯು ಹೆಚ್ಚಿನದೆಂಬ ವಾದವು ವ್ಯರ್ಥ. ಆದರೂ ಮಠಗಳ ವಿದ್ಯಾರ್ಥಿನಿಲಯಗಳಿಗೆ ಹತ್ತಿರದ್ದು ಆಲಮಟ್ಟಿಯ ದಾರಿ, ಅವು ಹೆಚ್ಚಾಗಿ ಕಲಿಯಬೇಕಾದುದು ಹುಬ್ಬಳ್ಳಿಯ ದಾರಿ ಎಂದು ಹೇಳಿದರೆ ತಪ್ಪಾಗದು.

ಸ್ವರಾಜ್ಯವು ಬಂದ ಮೇಲೆ, ಗಾಂಧೀ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆಯು ೩೭ ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಸೇವೆಯು ಕಾಲೇಜಿನ ದಫ್ತರವನ್ನು ಸೇರಿತು. ಹಾಜರಿಪಟ್ಟಿಯೂ ಪ್ರಮಾಣಪತ್ರವೂ ಬಂದವು. ಪ್ರಮಾಣಪತ್ರಕ್ಕಾಗಿ ಸಸಿ ನೆಟ್ಟು ನೀರು ಹಾಕಲು ಮರೆತವರನ್ನು ಕಂಡವರು ಹಳೆಯ ದಿನಗಳನ್ನು ನೆನೆದು ನಿಟ್ಟುಸಿರುಗರೆಯುವದು ಸಹಜ.

ಆದರೆ ೨೦೧೯ರ ಆಗಸ್ಟದಲ್ಲಿ ಘಟಪ್ರಭೆಯು ದಂಡೆ ಮೀರಿ ಹರಿದು ಮುಧೋಳ ತಾಲೂಕಿನ ಹೊಳೆಸಾಲಿನ ಹಳ್ಳಿಗಳನ್ನು ಹೊಕ್ಕಾಗ ಯಾರೂ ಹಾಜರಿಯನ್ನು ಕೂಗಲಿಲ್ಲ. ನೀರು ಕಾಣದ ಊರುಗಳ ಮನೆಮನೆಯಲ್ಲಿ ರೊಟ್ಟಿ ತಟ್ಟಿದರು; ತರುಣರು ಅವುಗಳನ್ನು ಗಂಟು ಕಟ್ಟಿ, ಚಟ್ನಿಪುಡಿಯೊಡನೆ ಗಂಜಿಕೇಂದ್ರಗಳಿಗೆ ಮುಟ್ಟಿಸಿದರು. ಒಂದು ಶತಮಾನದ ಹಿಂದೆ ಹಳ್ಳಿಯಿಂದ ಪ್ರಸಾದನಿಲಯಕ್ಕೆ ಹೋದ ಜೋಳವು ಆ ವರ್ಷ ಓದುವ ಹುಡುಗರ ಹೆಗಲೇರಿ ಹಳ್ಳಿಗೆ ಬಂದಿತು.