ಊಹೆಗೆ ಸಿಗದ್ದೆಲ್ಲ ಅನಿಯತವೇ? ರಾಮನ್ ಸಂಸ್ಥೆಯ ಫೋಟಾನ್ ಪ್ರಯೋಗದ ಮರುಓದು

ಹಿನ್ನೆಲೆ ಪರಿಚಿತ. 1926ರಲ್ಲಿ ಬಾರ್ನ್ ಕ್ವಾಂಟಮ್ ಅಲೆಗೆ ಸಂಭವನೀಯತೆಯ ಅರ್ಥ ಕೊಟ್ಟರು (ಬಾರ್ನ್ ನಿಯಮ). 1952ರಲ್ಲಿ ಬೋಮ್ ಕ್ವಾಂಟಮ್ ಸಿದ್ಧಾಂತದ ಅವೇ ಫಲಿತಾಂಶಗಳನ್ನು ಪೂರ್ತಿ ನಿಯತವಾದ ಪಥಗಳಿಂದ ಪಡೆದರು. ಅಂಥ ಸಿದ್ಧಾಂತ ಸ್ಥಾನಿಕವಾಗಿ, ಅಂದರೆ ಬೆಳಕಿಗಿಂತ ವೇಗದ ಪ್ರಭಾವವಿಲ್ಲದೆ, ಉಳಿಯದೆಂದು 1964ರಲ್ಲಿ ಬೆಲ್ ತೋರಿಸಿದರು. ಇಲ್ಲಿಯವರೆಗೆ ತಕರಾರಿಲ್ಲ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ, ಕೋಲ್ಕತ್ತದ ದೀಪಂಕರ್ ಹೋಮ್ ಮತ್ತು ಸಂಗಡಿಗರು 2024ರಲ್ಲಿ ಲೆಗೆಟ್–ಗಾರ್ಗ್ ಅಸಮತೆಯ ಉಲ್ಲಂಘನೆಯನ್ನು ಆಧಾರವಾಗಿಟ್ಟು 9,19,118 ಯಾದೃಚ್ಛಿಕ ಬಿಟ್‌ಗಳನ್ನು ಸೆಕೆಂಡಿಗೆ 3,865ರಂತೆ ಪಡೆದರು. ಅವರು ಹೇಳಿದ್ದು ಈ ಬಿಟ್‌ಗಳನ್ನು ಮುಂಗಂಡು ಹೇಳಲಾಗದು ಎಂದು. ಇದರಿಂದ ನಿಯತಿವಾದವೇ ಬಿದ್ದುಹೋಯಿತು ಎಂಬ ಓದನ್ನು ಮಾತ್ರ ನಾನು ಒಪ್ಪಲಾರೆ.

1985ರ ಈ ಅಸಮತೆ ಒಂದೇ ವ್ಯವಸ್ಥೆಯನ್ನು ಮೂರು ಬೇರೆ ಬೇರೆ ಗಳಿಗೆಗಳಲ್ಲಿ ಅಳೆಯುತ್ತದೆ. ವಸ್ತು ಸದಾ ಒಂದು ನಿಶ್ಚಿತ ಸ್ಥಿತಿಯಲ್ಲಿದ್ದು, ಅಳತೆ ಅದನ್ನು ಕದಡದಿದ್ದರೆ ಅಕ್ಕಪಕ್ಕದ ಗಳಿಗೆಗಳ ಎರಡು ಸಹಸಂಬಂಧಗಳ ಮೊತ್ತದಿಂದ ಮೊದಲ ಮತ್ತು ಕೊನೆಯ ಗಳಿಗೆಗಳ ಸಹಸಂಬಂಧವನ್ನು ಕಳೆದರೆ ಸಿಗುವ ಬೆಲೆ 1 ಮೀರದು. ಎರಡು ಸ್ಥಿತಿಗಳ ಕ್ವಾಂಟಮ್ ವ್ಯವಸ್ಥೆಯಲ್ಲಿ 1.5ರವರೆಗೆ ಏರುತ್ತದೆ. ಕದಡದೆ ಅಳೆಯುವ ಉಪಾಯ ಸೊಗಸಾದದ್ದು. ಬೆಳಕಿನ ಎರಡು ಹಾದಿಗಳಲ್ಲಿ ಒಂದಕ್ಕೆ ತಡೆ ಇಡುತ್ತಾರೆ. ಆದರೂ ಫೋಟಾನ್ ಕೊನೆ ಮುಟ್ಟಿದರೆ ಅದು ಇನ್ನೊಂದು ಹಾದಿಯಲ್ಲೇ ಬಂದಿರಬೇಕು, ತಡೆ ಅದನ್ನು ಮುಟ್ಟಿಯೇ ಇಲ್ಲ.

ಮುಟ್ಟಿಲ್ಲ, ನಿಜ. ಆದರೆ ಬೋಮ್ ಚಿತ್ರದಲ್ಲಿ ಕಣದ ಜೊತೆ ಅಲೆಯೂ ಇದೆ, ಅದು ಎರಡೂ ಹಾದಿಗಳಲ್ಲಿ ಹರಿಯುತ್ತದೆ. ತಡೆ ಖಾಲಿ ಹಾದಿಯ ಅಲೆಯನ್ನು ನುಂಗಿದರೆ, ಎರಡು ಹಾದಿಗಳು ಕೂಡುವಲ್ಲಿ ಕಣದ ನಡೆ ಬದಲಾಗುತ್ತದೆ. ಹೋಲಿಕೆಗೆ, ಗುಳೇದಗುಡ್ಡದ ಖಣ ಬಟ್ಟೆಯಲ್ಲಿ ಬುಟ್ಟಾ ಎಲ್ಲೇಳಬೇಕೆಂದು ಮಗ್ಗದ ಮೇಲಿನ ಡಾಬಿ ಮೊದಲೇ ಗೊತ್ತುಮಾಡಿರುತ್ತದೆ. ಬೋಮ್ ಹೇಳುವ ಡಾಬಿಯನ್ನು ನೇಯುವವರೂ ನೋಡುವಂತಿಲ್ಲ, ಅಷ್ಟೇ ವ್ಯತ್ಯಾಸ. ಕಣದ ಆರಂಭದ ನೆಲೆಯನ್ನು ಬಾರ್ನ್ ನಿಯಮ ಬಿಟ್ಟುಕೊಡುವುದಕ್ಕಿಂತ ನಿಖರವಾಗಿ ಯಾರೂ ಅರಿಯಲಾರರು. ಹಾಗಾಗಿ ಬಿಟ್‌ಗಳು ನಿಯತವಾಗಿದ್ದೂ ಊಹೆಗೆ ಸಿಗದಿರಬಹುದು.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದೆಂದು ನನ್ನ ಎಣಿಕೆ. ದೂರದೂರದ ಎರಡು ಕಣಗಳನ್ನು ಅಳೆಯುವ ಬೆಲ್ ಪ್ರಯೋಗದಲ್ಲಿ ನಿಯತಿವಾದಿ ತೆರಬೇಕಾದ ಬೆಲೆ ಭಾರಿ: ಬೆಳಕಿಗಿಂತ ವೇಗದ ಪ್ರಭಾವವನ್ನು ಒಪ್ಪಬೇಕು. ಇಲ್ಲಿ ಹಾಗಿಲ್ಲ. ತಡೆ ಇದ್ದ ಜಾಗದಿಂದ ಹಾದಿಗಳು ಕೂಡುವ ಜಾಗಕ್ಕೆ ಅಲೆಯಲ್ಲಾದ ಬದಲಾವಣೆ ಬೆಳಕಿನ ವೇಗದಲ್ಲೇ ಬಂದು ಸೇರುತ್ತದೆ. ಹಾದಿಗಳನ್ನು ಎಷ್ಟೇ ಉದ್ದ ಮಾಡಿದರೂ ಇದು ತಪ್ಪದು. ಆದ್ದರಿಂದ ಯಾದೃಚ್ಛಿಕ ಸಂಖ್ಯೆ ಪಡೆಯಲು ಲೆಗೆಟ್–ಗಾರ್ಗ್ ದಾರಿ ಬೆಲ್ ದಾರಿಗಿಂತ ಸಲೀಸಾದರೂ, ನಿಯತಿವಾದದ ವಿರುದ್ಧದ ಸಾಕ್ಷ್ಯವಾಗಿ ಅದಕ್ಕಿಂತ ದುರ್ಬಲ.

ಈ ಮಾತಿಗೆ ಮಿತಿಗಳುಂಟು. ಒಂಟಿ ಕಣದ ಅಲೆಯನ್ನು ನಮ್ಮ ಮೂರು ಆಯಾಮಗಳ ಆಕಾಶದಲ್ಲೇ ಹರಿಯುವಂಥದ್ದೆಂದು ಎಣಿಸಿದ್ದೇನೆ; ಶೋಧಕವನ್ನೂ ಲೆಕ್ಕಕ್ಕೆ ಸೇರಿಸಿದರೆ ಈ ಚಿತ್ರ ಇಷ್ಟು ಸರಳವಾಗಿ ಉಳಿಯದು. ಫೋಟಾನ್‌ಗೆ ಬೋಮ್ ಪಥ ಬರೆಯುವುದೇ ವಿವಾದದ ವಿಷಯ. ಎಲೆಕ್ಟ್ರಾನಿಗೆ ಹೊಂದುವ ವಾದವನ್ನು ಇಲ್ಲಿಗೆ ಎಳೆದಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಿದರೆ ತಳ್ಳಿಹಾಕಲಾರೆ. ಭೌತವಿಜ್ಞಾನಿ ವ್ಯಾಲೆಂಟಿನಿ ಸೂಚಿಸುವಂತೆ ಬಾರ್ನ್ ನಿಯಮ ಎಲ್ಲಾದರೂ ಸಡಿಲಗೊಂಡರೆ, ಆಗ ಊಹೆಗೆ ಸಿಗದೆಂಬ ಖಾತರಿಯೂ ಎಷ್ಟು ಉಳಿದೀತು ಎಂಬುದನ್ನು ಬೇರೆಯಾಗಿಯೇ ಲೆಕ್ಕಹಾಕಬೇಕು.