ಸರ್ವಾಧಿಕಾರಿ: ಒಂದು ಪದದ ಕಥೆ

1975ರ ಜೂನ್‌ನಲ್ಲಿ ನಮ್ಮ ಶಾಲೆ ಆರಂಭವಾದಾಗ ಎಂಟನೇ ತರಗತಿಗೆ ಸೇರಿದ ಮೊದಲ ತಂಡದಲ್ಲಿ ನಾನೂ ಒಬ್ಬ. ಕನ್ನಡ ಮೇಷ್ಟ್ರು ಸವರ್ಣದೀರ್ಘ ಸಂಧಿಗೆ ಕೊಟ್ಟ ಉದಾಹರಣೆಗಳಲ್ಲಿ ‘ಸರ್ವ + ಅಧಿಕಾರಿ = ಸರ್ವಾಧಿಕಾರಿ’ ಎಂಬುದೂ ಇತ್ತು. ಆ ತಿಂಗಳ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಿರೋಧ ಪಕ್ಷಗಳ ನಾಯಕರು ಜೈಲು ಸೇರಿದರು, ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಊರಿನ ಹೋಟೆಲಿನಲ್ಲಿ ಹಿರಿಯರು ಅದೇ ಪದವನ್ನು ದನಿ ತಗ್ಗಿಸಿ ಆಡುತ್ತಿದ್ದರು. ವ್ಯಾಕರಣದ ಪದಕ್ಕೆ ಇಷ್ಟು ಹೆದರಿಕೆ ಏಕೆಂದು ನನಗೆ ಆಗ ತಿಳಿಯಲಿಲ್ಲ.

ಮುಂದೆ ನಾನೂ ಇತಿಹಾಸದ ಮೇಷ್ಟ್ರಾದ ಮೇಲೆ ಅದರ ಬೆನ್ನು ಹತ್ತಿದೆ. ಹಿಂದೆ ಇದು ನಿಂದೆಯ ಮಾತಾಗಿರಲಿಲ್ಲ, ಹುದ್ದೆಯ ಹೆಸರಾಗಿತ್ತು. 1761ರಲ್ಲಿ ಮೈಸೂರಿನ ಆಡಳಿತ ಹೈದರ್ ಅಲಿಯ ಕೈಸೇರಿದಾಗ ಅವನು ‘ಸರ್ವಾಧಿಕಾರಿ’ ಎನಿಸಿಕೊಂಡ. ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಅರಸರಾಗಿ ಉಳಿದರು.

ಇಂದು ಈ ಪದವನ್ನು ನಾವು ‘ಡಿಕ್ಟೇಟರ್’ ಎಂಬುದಕ್ಕೆ ಬಳಸುತ್ತೇವೆ. ಅದರ ಮೂಲ ಲ್ಯಾಟಿನ್. ತರಗತಿಯಲ್ಲಿ ಬರೆಸುವ ‘ಡಿಕ್ಟೇಷನ್’ ಕೂಡ ಅದೇ ಧಾತುವಿನದು: ಒಬ್ಬರು ಹೇಳಬೇಕು, ಉಳಿದವರು ಮರುಮಾತಿಲ್ಲದೆ ಬರೆದುಕೊಳ್ಳಬೇಕು! ಪ್ರಾಚೀನ ರೋಮ್ ಗಣರಾಜ್ಯದಲ್ಲಿ ಡಿಕ್ಟೇಟರ್ ಎಂಬುದು ಕಾನೂನುಬದ್ಧ ಹುದ್ದೆ. ಯುದ್ಧದಂಥ ಆಪತ್ತು ಬಂದಾಗ ಒಬ್ಬನಿಗೆ ಪೂರ್ಣಾಧಿಕಾರ ಕೊಡುತ್ತಿದ್ದರು. ಆದರೆ ಆರು ತಿಂಗಳಿಗೆ ಮಾತ್ರ. ಹೊಲ ಉಳುತ್ತಿದ್ದ ಸಿನ್ಸಿನೇಟಸ್ ಎಂಬವನು ಕ್ರಿ.ಪೂ. 458ರಲ್ಲಿ ಈ ಹುದ್ದೆಗೇರಿ, ಶತ್ರುಗಳನ್ನು ಗೆದ್ದು, ಹದಿನಾರನೇ ದಿನವೇ ಅಧಿಕಾರ ಬಿಟ್ಟು ಹೊಲಕ್ಕೆ ಮರಳಿದನೆಂದು ರೋಮನ್ನರು ಹೇಳಿಕೊಂಡು ಬಂದರು. ಕ್ರಿ.ಪೂ. 82ರಲ್ಲಿ ಸುಲ್ಲಾ ಅವಧಿಯ ಮಿತಿಯಿಲ್ಲದೆ ಡಿಕ್ಟೇಟರ್ ಆದ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಜೀವನಪರ್ಯಂತ ಡಿಕ್ಟೇಟರ್ ಆದ. ಆ ಮಾರ್ಚ್ 15ರಂದೇ ಕೊಲೆಯಾದ. ಗಡುವು ಅಳಿದುಹೋದ ಮೇಲೆ ಗೌರವದ ಪದ ಭಯದ ಪದವಾಯಿತು.

ನಮ್ಮ ತುರ್ತು ಪರಿಸ್ಥಿತಿ ಮುಗಿದದ್ದು 1977ರ ಮಾರ್ಚ್ 21ರಂದು, ನಾವು ಒಂಬತ್ತನೇ ತರಗತಿಯಲ್ಲಿದ್ದಾಗ. ಮರುವರ್ಷ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂತು. ಅದರಂತೆ ತುರ್ತು ಪರಿಸ್ಥಿತಿ ಮುಂದುವರಿಯಬೇಕಾದರೆ ಸಂಸತ್ತು ಪ್ರತಿ ಆರು ತಿಂಗಳಿಗೊಮ್ಮೆ ಒಪ್ಪಿಗೆ ಕೊಡಬೇಕು. ರೋಮನ್ನರು ಇಟ್ಟಿದ್ದೂ ಅದೇ ಆರು ತಿಂಗಳು!

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಇಂದಿನ ಮಕ್ಕಳಿಗೆ ನನ್ನದೊಂದು ಮಾತು. ಊರ ಸಂಘವಿರಲಿ, ದೇಶದ ಸರ್ಕಾರವಿರಲಿ, ಯಾರಿಗಾದರೂ ಅಧಿಕಾರ ಕೊಡುವಾಗ ‘ಎಲ್ಲಿಯವರೆಗೆ?’ ಎಂದು ಕೇಳುವುದನ್ನು ಮರೆಯಬೇಡಿ.